ನಮ್ಮ ಹೊಲದ ಬೆಳೆಯುವ ಕಲ್ಲು

ನಮ್ಮ ಹೊಲದ ತಲೆಕಡೆ ಒಂದು ಕಲ್ಲಿದೆ. ಕಲ್ಲು ಅಂದರೆ ಕೈಗೆತ್ತಿಕೊಳ್ಳುವ ಕಲ್ಲಲ್ಲ. ನಮ್ಮ ಮನೆಯನ್ನು ತಂದು ಪಕ್ಕದಲ್ಲಿಟ್ಟರೆ ಮನೆಯೇ ಚಿಕ್ಕದಾಗಿ ಕಾಣಬೇಕು, ಅಂಥ ದೊಡ್ಡ ಗುಂಡು. ಅದರ ನೆತ್ತಿಯ ಮೇಲೆ ಎತ್ತಿನಗಾಡಿಯಷ್ಟು ದೊಡ್ಡದಾದ ಇನ್ನೊಂದು ಗುಂಡು ಕೂತಿದೆ, ಯಾರೋ ಎತ್ತಿ ಇಟ್ಟು ಹೋದ ಹಾಗೆ. ಎರಡರ ನಡುವೆ ಕೈ ತೂರುವಷ್ಟು ಸಂದು. ಈಗ ಉರುಳಿತು, ಇನ್ನೇನು ಉರುಳಿತು ಅನ್ನಿಸುತ್ತದೆ, ಉರುಳುವುದಿಲ್ಲ. ಸುತ್ತ ಎಲ್ಲಿ ನೋಡಿದರೂ ಕೆಂಪು ಮಣ್ಣಿನ ಇಳಿಜಾರು, ರಾಗಿ, ಜೋಳ, ಹೊಗೆಸೊಪ್ಪು. ಅಂಥ ಕಡೆ ಈ ಜೋಡಿ ಕಲ್ಲು ಹೇಗೆ ಬಂತು ಅಂತ ಕೇಳದ ಮನುಷ್ಯನನ್ನು ನಾನು ಕಂಡಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬಾಯಿ ಜೋರು ಅಂತ ಡಿಪೋದಲ್ಲೂ ಹೆಸರಿದೆ, ಊರಲ್ಲೂ ಇದೆ. ನಮ್ಮೂರು ಗಾವಡಗೆರೆ ಹೋಬಳಿಗೆ ಸೇರಿದ್ದು, ಕಲ್ಲು ರಸ್ತೆಗೇ ಕಾಣುತ್ತದೆ. ಆ ದಾರಿಯ ಡ್ಯೂಟಿ ಬಿದ್ದಾಗಲೆಲ್ಲ ಬಸ್ಸಿನೊಳಗೆ ಯಾರಾದರೊಬ್ಬರು ಕಿಟಕಿಯಿಂದ ಕೈ ತೋರಿಸಿ ಶುರು ಮಾಡುತ್ತಿದ್ದರು. ಯಾವುದೋ ಕಾಲದಲ್ಲಿ ದೊಡ್ಡ ಪ್ರವಾಹ ಬಂದು ಉರುಳಿಸಿ ತಂದದ್ದು ಅಂತ ಒಬ್ಬರು. ಆಕಾಶದಿಂದ ಬಿದ್ದದ್ದು, ಆ ಕಾವಿಗೇ ಸುತ್ತಲಿನ ಮಣ್ಣು ಸುಟ್ಟು ಕೆಂಪಾಗಿದೆ ಅಂತ ಇನ್ನೊಬ್ಬರು. ಈಚೆಗೆ ಒಬ್ಬಾತ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ, ಇದು ಬೇರೆ ಗ್ರಹದವರು ಇಟ್ಟು ಹೋದ ಗುರುತು ಅನ್ನುತ್ತಿದ್ದ. "ಅಷ್ಟು ದೂರದಿಂದ ಬಂದೋರಿಗೆ ನಮ್ಮಪ್ಪನ ಹೊಲನೇ ಬೇಕಾಗಿತ್ತಾ? ಒಳಗೆ ನಡೀರಿ ಸ್ವಾಮಿ, ಟಿಕೆಟ್ ತಗೊಳ್ಳಿ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು.

ನಮ್ಮಜ್ಜಿ ಇದ್ದಾಗ ಹೇಳುತ್ತಿದ್ದುದೇ ಬೇರೆ. ವನವಾಸದಲ್ಲಿ ಭೀಮ ಕಾಡಿನಿಂದ ಇಳಿದು ಬಂದು ಇಲ್ಲಿ ಕೂತು ಉಂಡನಂತೆ. ಹೊಟ್ಟೆ ತುಂಬಿ ಕೊನೆಯ ಮುದ್ದೆಯನ್ನು ಹಾಗೇ ಬಿಟ್ಟ. ಕೆಳಗಿನ ಕಲ್ಲು ಆ ಮುದ್ದೆ, ಮೇಲಿನದು ಅವನು ಮುರಿದುಕೊಂಡು ಬಾಯಿಗಿಡದೆ ಬಿಟ್ಟ ತುತ್ತು. ಮುದ್ದೆ ಬಿಟ್ಟು ಎದ್ದರೆ ಹಿಂಗೇ ಕಲ್ಲಾಗಿ ಕೂತ್ಕತದೆ ಅಂತ ಹೆದರಿಸಿ ನನಗೂ ಅಣ್ಣನಿಗೂ ಉಣ್ಣಿಸುತ್ತಿದ್ದಳು. ಅಣ್ಣ ಆಗಲೇ ಅನುಮಾನದ ಪಿಶಾಚಿ. "ಭೀಮ ಕೂತಿದ್ದು ಎಲ್ಲಿ, ಅವನು ಕೂತ ಜಾಗ ತಗ್ಗಾಗಬೇಕಿತ್ತಲ್ಲ" ಅಂತ ಕೇಳಿ ತಲೆಗೆ ಮೊಟಕಿಸಿಕೊಳ್ಳುತ್ತಿದ್ದ.

ಅಪ್ಪನಿಗೆ ಭೀಮನೂ ಬೇಡ, ಆಕಾಶವೂ ಬೇಡ. ಅಪ್ಪನ ಪ್ರಕಾರ ಆ ಕಲ್ಲು ಬೆಳೆಯುತ್ತದೆ. ಅದು ಅಪ್ಪನ ಮಾತಷ್ಟೇ ಅಲ್ಲ, ನಮ್ಮ ಮನೆತನದ ನಂಬಿಕೆ, ಅದಕ್ಕೆ ಸಾಕ್ಷಿಯೂ ಇತ್ತು. ಯುಗಾದಿ ದಿನ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ಎತ್ತಿಗೆ ಪೂಜೆ ಮಾಡಿ ವರ್ಷದ ಮೊದಲ ಸಾಲು ಉಳುವುದು. ನಮ್ಮ ಮನೆಯಲ್ಲಿ ಅದಾದ ಮೇಲೆ ಇನ್ನೊಂದು ಕೆಲಸವಿತ್ತು. ಮನೆಯ ಹಿರಿಯ ಚಾಣ ಹಿಡಿದು ಕಲ್ಲಿನ ಬುಡಕ್ಕೆ ಹೋಗಿ, ಮಣ್ಣು ಕಲ್ಲನ್ನು ಮುಟ್ಟುವ ಮಟ್ಟದಲ್ಲಿ ಒಂದು ಕಚ್ಚು ಹೊಡೆಯುತ್ತಿದ್ದ. ಮರುವರ್ಷ ಹೋಗಿ ನೋಡಿದರೆ ಆ ಕಚ್ಚು ಮಣ್ಣಿಗಿಂತ ಒಂದಿಷ್ಟು ಮೇಲೆ ಇರುತ್ತಿತ್ತು. ಕೆಲವು ವರ್ಷ ಅಲ್ಲೇ ಇರುತ್ತಿತ್ತು, ಆಗ ಹಳೆಯದನ್ನೇ ತೀಡಿ ಬರುತ್ತಿದ್ದರು. ಮುತ್ತಾತ ಹೊಡೆದ ಕಚ್ಚು ನನ್ನ ಸೊಂಟದ ಮಟ್ಟಕ್ಕೆ ಬಂದಿದೆ. ಅದನ್ನು ಬಂದವರಿಗೆಲ್ಲ ತೋರಿಸಿ, "ನೋಡಿ, ನಮ್ಮ ಕಲ್ಲು ಇಷ್ಟು ಬೆಳೆದದೆ" ಅಂತ ಅಪ್ಪ ಹೇಳುವಾಗ ಅವನ ಮುಖ ನೋಡಬೇಕಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಕಾಫಿ ಕುಡಿಸುವ ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿದ್ದ. ಅವರು ನಮ್ಮೂರಿನವರೇ, ಹುಟ್ಟಿದಾಗಿನಿಂದ ಆ ಕಲ್ಲು ನೋಡಿದವರು. ಆದರೂ ಮರ್ಯಾದೆಗೆ ತಲೆಯಾಡಿಸಿದರು.

ಬೆಳೆಯುವ ಕಲ್ಲಿಗೆ ಹೊಲವೆಲ್ಲ ಕಾಣಬೇಕು ಅಂತ ನಮ್ಮಲ್ಲಿ ಇನ್ನೊಂದು ಕಟ್ಟುಪಾಡು. ಅದಕ್ಕೇ ನಮ್ಮ ಹೊಲದ ಸಾಲೆಲ್ಲ ಕಲ್ಲಿನ ಬುಡದಿಂದ ಹೊರಟು ನೇರ ಕೆಳಗಿನ ಬೇಲಿಗೆ ಇಳಿಯುತ್ತಿತ್ತು. ಅಕ್ಕಪಕ್ಕದವರೆಲ್ಲ ಇಳಿಜಾರಿಗೆ ಅಡ್ಡಲಾಗಿ ಉಳುತ್ತಿದ್ದರೆ ನಾವು ಮಾತ್ರ ಉದ್ದಕ್ಕೆ. ಕಲ್ಲಿಗೆ ಅಡ್ಡ ಉತ್ತರೆ ಅದಕ್ಕೆ ಬೆನ್ನು ಹಾಕಿದ ಹಾಗೆ ಅಂತ ತಾತ ಹೇಳಿದ್ದನಂತೆ. ಸತ್ತವರನ್ನೂ ಅದರ ಬುಡದಲ್ಲೇ ಇಡುತ್ತಿದ್ದೆವು. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ತಾತ, ಅಜ್ಜಿ, ನಾನು ಹೈಸ್ಕೂಲಿನಲ್ಲಿದ್ದಾಗ ಹೋದ ಅವ್ವ, ಎಲ್ಲರೂ ಅಲ್ಲೇ ಇದ್ದಾರೆ.

ಅಣ್ಣ ಮೈಸೂರಿಗೆ ಹೋಗಿ ಭೂವಿಜ್ಞಾನ ಓದಿ ಬಂದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಎಚ್.ಡಿ. ಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕನ ಕೆಲಸ ಸಿಕ್ಕಿತು. ಇಂದು ಕಾಯಂ ಆಗುತ್ತೆ, ನಾಳೆ ಆಗುತ್ತೆ ಅಂತ ವರ್ಷ ಕಳೆದವು, ಅತಿಥಿ ಅತಿಥಿಯಾಗಿಯೇ ಉಳಿದ. ಅದೇ ಕಾರಣಕ್ಕೆ ಹೆಣ್ಣೂ ಕೂಡಿಬರಲಿಲ್ಲ. ಬೆಳಗ್ಗೆ ಎಷ್ಟೋ ಸಲ ನನ್ನ ಬಸ್ಸಿಗೇ ಹತ್ತುತ್ತಿದ್ದ. "ಮೇಷ್ಟ್ರೇ, ಚಿಲ್ಲರೆ ಇಟ್ಕೊಂಡು ಹತ್ತಿ" ಅಂತ ನಾನು ಎಲ್ಲರೆದುರಿಗೆ ಗದರಿಸಿದರೆ, "ಸರಿ ಮೇಡಂ" ಅಂತ ಕೈಕಟ್ಟಿ ನಿಲ್ಲುತ್ತಿದ್ದ. ಅವನ ಜೇಬಿನಲ್ಲಿ ಚಿಲ್ಲರೆಗಿಂತ ಕಲ್ಲಿನ ಚೂರು ಹೆಚ್ಚಿರುತ್ತಿತ್ತು.

ಓದು ಮುಗಿಸಿ ಬಂದ ವರ್ಷವೇ ಅವನಿಗೂ ಅಪ್ಪನಿಗೂ ಕಲ್ಲಿನ ಮೇಲೆ ಶುರುವಾಯಿತು. ಒಂದು ಭಾನುವಾರ ಊಟಕ್ಕೆ ಕೂತಾಗ ಅಣ್ಣ ಅಡುಗೆಮನೆಯಿಂದ ಎರಡು ಅಚ್ಚು ಬೆಲ್ಲ ತಂದು, ಒಂದರ ಮೇಲೊಂದಿಟ್ಟು ನೀರಿನ ಬಟ್ಟಲಿಗೆ ಇಳಿಬಿಟ್ಟ. ಉಂಡು ಕೈತೊಳೆಯುವ ಹೊತ್ತಿಗೆ ಬೆಲ್ಲದ ಮೂಲೆಗಳು ಕರಗಿ ಎರಡೂ ಗುಂಡಗಾಗಿದ್ದವು. ನಮ್ಮ ಕಲ್ಲೂ ಹೀಗೇ ಅಂದ. ಒಂದು ಕಾಲಕ್ಕೆ ಅದು ನೆಲದ ಕೆಳಗೆ ಹಾಸಿಕೊಂಡಿದ್ದ ಒಂದೇ ಬಂಡೆ. ಕಾದದ್ದು ಆರುವಾಗ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿಗೆ ನೀರು ಇಳಿಯಿತು, ಮೂಲೆಗಳಿಗೆ ಎರಡೂ ಮೂರೂ ಕಡೆಯಿಂದ ನೀರು ತಾಗಿ ಅವು ಮೊದಲು ಕೊಳೆತವು, ನಡುವಿನ ಗಟ್ಟಿ ಗುಂಡಾಗಿ ಉಳಿಯಿತು. ಕೊಳೆತದ್ದೆಲ್ಲ ಮಣ್ಣಾಯಿತು. ಆ ಮಣ್ಣನ್ನು ಮಳೆ ತೊಳೆದುಕೊಂಡು ಹೋದ ಮೇಲೆ ಒಳಗಿದ್ದ ಗುಂಡುಗಳು ಬಯಲಿಗೆ ಬಿದ್ದವು. "ಯಾರೂ ಎತ್ತಿ ಇಟ್ಟಿಲ್ಲ ಕಣಪ್ಪ. ಎಲ್ಲಿಂದಲೂ ಬಂದಿಲ್ಲ. ಎರಡೂ ಇದ್ದಲ್ಲೇ ಇದ್ದಾವೆ, ಸುತ್ತ ಇದ್ದದ್ದು ಹೋಯ್ತು" ಅಂದ.

ಅಪ್ಪ ಬಟ್ಟಲನ್ನೇ ನೋಡುತ್ತಾ ಕೂತಿದ್ದ. "ಬೆಲ್ಲ ಕರಗ್ತದೆ ಕಣ್ಲಾ, ಕಲ್ಲು ಕರಗ್ತದಾ? ಓದಿ ಓದಿ ನಿನ್ನ ತಲೆ ಕರಗೋಯ್ತು."

"ಕರಗ್ತದೆ. ನಮ್ಮ ಹೊಲದ ಮಣ್ಣೆಲ್ಲ ಅದೇನೇ."

"ಅಂಗಾದ್ರೆ ಆ ಕಚ್ಚು? ನಮ್ಮ ತಾತ ಮುತ್ತಾತ ಎಲ್ಲ ಸುಳ್ಳು ಹೇಳಿದ್ರಾ?"

"ಸುಳ್ಳು ಹೇಳ್ಲಿಲ್ಲ. ಕಚ್ಚು ನಿಜ, ತಿಳ್ಕೊಂಡಿದ್ದು ತಪ್ಪು. ಕಲ್ಲು ಮ್ಯಾಲೆ ಎದ್ದಿಲ್ಲಪ್ಪ, ಮಣ್ಣು ಕೆಳಗೆ ಇಳ್ದದೆ. ನೀವು ಕಲ್ಲಿಂದ ಬೇಲಿಗೆ ನೆಟ್ಟಗೆ ಉತ್ತು ಉತ್ತು ನೀರಿಗೆ ದಾರಿ ಮಾಡ್ಕೊಟ್ಟಿದೀರ. ನಮ್ಮ ಹೊಲ ವರ್ಷ ವರ್ಷ ಹಳ್ಳಕ್ಕೆ ಹೋಗ್ತಾ ಅದೆ, ನೀವು ಅದನ್ನೇ ಕಲ್ಲು ಬೆಳೀತು ಅಂತ ಕಚ್ಚು ಹೊಡ್ಕೊಂಡು ಕೂತಿದೀರ."

ಅಪ್ಪ ತಟ್ಟೆ ತಳ್ಳಿ ಎದ್ದು ಹೋದ. ಬೆಲ್ಲದ ನೀರನ್ನು ನಾನೇ ಕುಡಿದೆ.

ಅಲ್ಲಿಂದಾಚೆಗೆ ಯುಗಾದಿ ಬಂತೆಂದರೆ ನಮ್ಮ ಮನೆಯಲ್ಲಿ ಬೇವೂ ಜಗಳವೂ ಒಟ್ಟಿಗೆ. ಅಡ್ಡ ಉಳೋಣ, ಬದು ಹಾಕೋಣ ಅಂತ ಅಣ್ಣ. ನಾನು ಬದುಕಿರೋ ತನಕ ಕಲ್ಲಿಗೆ ಬೆನ್ನು ಹಾಕಿ ಉಳಲ್ಲ ಅಂತ ಅಪ್ಪ. ಹಟ ಅಂದರೆ ಹಟ, ಇಬ್ಬರದೂ ಒಂದೇ ರಕ್ತ. ಮದುವೆಯಾಗಿ ನಾನು ಎರಡು ಬೀದಿ ಆಚೆ ಹೋಗಿದ್ದರೂ ಅವರ ಕೂಗಾಟ ನನಗೆ ಕೇಳುತ್ತಿತ್ತು. ಹಾಗಂತ ಅವರ ನಡುವೆ ಪ್ರೀತಿ ಇರಲಿಲ್ಲ ಅಂತಲ್ಲ. ಜಗಳ ಮುಗಿದ ಮೇಲೆ ಅಪ್ಪ ಹೊರಗೆ ಬಂದು, "ಏನು ಮಾತಾಡ್ತಾನೆ ನೋಡವ್ವ, ಲಾಯರ್ ಆಗ್ಬೇಕಿತ್ತು" ಅನ್ನುತ್ತಿದ್ದ. ಬೈದ ಹಾಗೆ ಹೇಳಿದರೂ ಹೆಮ್ಮೆ ಬಚ್ಚಿಡಲು ಬರುತ್ತಿರಲಿಲ್ಲ.

ಅಣ್ಣ ಹೋಗಿದ್ದು ಅವರೆಕಾಯಿ ಕಾಲದಲ್ಲಿ. ಶಾಲೆ ಬಿಟ್ಟು ಬರುವಾಗ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದನಂತೆ. ಎದೆ ಹಿಡಿದುಕೊಂಡಿದೆ, ಗ್ಯಾಸ್ಟ್ರಿಕ್ಕು ಅಂತ ಅಂಗಡಿಯಲ್ಲಿ ಸೋಡಾ ಕೇಳಿ ಕುಡಿದ. ಅರ್ಧ ಕುಡಿದು ಬೆಂಚಿನ ಮೇಲೆ ಕೂತ, ಕೂತವನು ಪಕ್ಕಕ್ಕೆ ವಾಲಿದ. ಅಂಗಡಿಯವರೇ ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು, ದಾರಿಯಲ್ಲೇ ಮುಗಿದಿತ್ತು. ನಾನು ಆಗ ಪಿರಿಯಾಪಟ್ಟಣದ ದಾರಿಯಲ್ಲಿ, ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದೆ. ಅಣ್ಣನ ಫೋನಿನಿಂದ ಕರೆ ಬಂತು. "ಡ್ಯೂಟಿಲಿದ್ದೀನಿ ಕಣೋ, ಆಮೇಲೆ ಮಾಡು" ಅಂದೆ. ಆ ಕಡೆಯಿಂದ ಮಾತಾಡಿದ್ದು ಬೇರೆಯವರು. ಮುಂದೆ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ಯಾರೋ ಹೆಂಗಸು ನನ್ನ ಕೈಯಿಂದ ಟಿಕೆಟ್ ಮೆಷಿನ್ ತೆಗೆದುಕೊಂಡು ಡ್ರೈವರಿಗೆ ಕೊಟ್ಟರು, ನನ್ನನ್ನು ತಮ್ಮ ಸೀಟಿನಲ್ಲಿ ಕೂರಿಸಿದರು.

ಎಲ್ಲರ ಹಾಗೆ ಅವನನ್ನೂ ಕಲ್ಲಿನ ಬುಡದಲ್ಲೇ ಕೂರಿಸಿದೆವು, ಅವ್ವನ ಪಕ್ಕಕ್ಕೆ. ಐನೋರು ವಿಭೂತಿ ಹಾಕಿಸಿದರು, ಬಿಲ್ವಪತ್ರೆ ಹಾಕಿಸಿದರು. ಅಪ್ಪ ಮೂರು ಹಿಡಿ ಮಣ್ಣು ಹಾಕಿದ ಮೇಲೆ ಉಳಿದವರು ಮುಚ್ಚಿ ಗುಡ್ಡೆ ಮಾಡಿದರು. ಅಪ್ಪ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಕೊಡಿ, ನೀರು ಕೊಡಿ ಅಂತ ಓಡಾಡುತ್ತಿದ್ದ. ಅವನಿಗೆ ಇನ್ನೂ ಅರ್ಥವಾಗಿಲ್ಲ ಅಂತ ನನ್ನ ಗಂಡ ಹೇಳಿದರು. ಅವತ್ತಿಂದ ಅಪ್ಪ ನಮ್ಮ ಮನೆಯಲ್ಲೇ ಉಣ್ಣುವುದು, ಮಲಗುವುದು.

ಸಾವಿನ ವರ್ಷ, ಯುಗಾದಿ ಮಾಡಲಿಲ್ಲ, ಹೊನ್ನಾರು ಕಟ್ಟಲಿಲ್ಲ. ಹಿಂದಿನ ಬೆಳೆಯ ಉದ್ದ ಸಾಲುಗಳು ಹೊಲದಲ್ಲಿ ಹಾಗೇ ಇದ್ದವು. ಭರಣಿ ಮಳೆ ಬಂತು, ಮೊದಲ ಮಳೆಯೇ ಜೋರು. ಮಳೆ ನಿಲ್ಲುವ ಮೊದಲೇ ಅಪ್ಪ ಗೋಣಿಚೀಲ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿದ್ದಾನೆ. ವಾಪಸು ಬಂದಾಗ ಮೊಣಕಾಲ ತನಕ ಕೆಸರು. ಜಗಲಿ ಮೇಲೆ ಕೂತವನು ಟವೆಲು ಕೊಟ್ಟರೂ ತಗೊಳ್ಳಲಿಲ್ಲ.

"ಮಗನ ಗುಡ್ಡೆ ಪಕ್ಕದಲ್ಲೇ ಕೊರಕಲು ಬಿದ್ದದೆ ಕಣವ್ವ. ಸಾಲಲ್ಲಿ ಕೆಂಪು ನೀರು ಹರೀತಾ ಅದೆ. ಗುಡ್ಡೆ ಮಣ್ಣು ಅದ್ರಲ್ಲೇ ಹೋಗ್ತಾ ಅದೆ" ಅಂದ. ನನ್ನ ಕಡೆ ತಿರುಗಿ ಕೇಳಿದ. "ನೀನು ಊರೂರು ತಿರುಗೋಳು, ನಾಕು ಜನರ ಮಾತು ಕೇಳಿರೋಳು. ಹೇಳವ್ವ, ಕಲ್ಲು ಬೆಳೀತದೆ ತಾನೆ?"

ಅವನಿಗೆ ಏನು ಬೇಕು ಅಂತ ನನಗೆ ಗೊತ್ತಾಯಿತು. ಕಲ್ಲು ಬೆಳೆಯುತ್ತಿದ್ದರೆ ಮಣ್ಣು ಎಲ್ಲೂ ಹೋಗುತ್ತಿಲ್ಲ, ಮಗ ನಾವು ಇಟ್ಟ ಕಡೆಯೇ ಇರುತ್ತಾನೆ. "ಬೆಳೀತದೆ ಕಣಪ್ಪ" ಅಂದೆ.

"ಅಂಗಾದ್ರೆ ನನ್ನ ಮಗ ಹೇಳಿದ್ದು ಸುಳ್ಳಾ?"

ತುಂಬಿದ ಬಸ್ಸನ್ನು ಒಂದೇ ಕೂಗಿಗೆ ಸುಮ್ಮನಾಗಿಸುವವಳು ನಾನು. ಅವತ್ತು ಟವೆಲು ತಗೊಂಡು ಅವನ ಕಾಲಿನ ಕೆಸರು ಒರೆಸತೊಡಗಿದೆ. ಅಪ್ಪ ಮುಖ ಮುಚ್ಚಿಕೊಂಡ. "ಅವನ ಮ್ಯಾಲೆ ಮಣ್ಣು ನಿಲ್ಬೇಕು ಅಂದ್ರೆ ಅವನ ಮಾತು ಸುಳ್ಳಾಗ್ಬೇಕು. ಯಾವ ಅಪ್ಪ ಕಣವ್ವ, ಮಗನ ಮಾತು ಸುಳ್ಳಾಗ್ಲಿ ಅಂತ ಕೇಳ್ಕತಾನೆ?" ಅಂತ ಅಳತೊಡಗಿದ. ಅಣ್ಣ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ಮಳೆ ಮತ್ತೆ ಹಿಡಿಯಿತು, ಪ್ರತಿ ಸಲ ಗುಡುಗಿದಾಗಲೂ ಅವನು ಹೊಲದ ಕಡೆ ನೋಡುತ್ತಿದ್ದ.

ಮಾರನೇ ಬೆಳಗ್ಗೆಯಿಂದ ಅಪ್ಪ ಮಂಕರಿ ಹಿಡಿದ. ಮಳೆಗೆ ಇಳಿದ ಮಣ್ಣೆಲ್ಲ ಕೆಳಗಿನ ಬೇಲಿ ಹತ್ತಿರ ಮಡುಗಟ್ಟಿರುತ್ತದಲ್ಲ, ಅದನ್ನು ಕೆರೆದು ತುಂಬಿಕೊಂಡು, ತಲೆಯ ಮೇಲೆ ಹೊತ್ತು, ಹೊಲದ ಉದ್ದಕ್ಕೂ ಹತ್ತಿ ಅಣ್ಣನ ಗುಡ್ಡೆಗೆ ಸುರಿಯುವುದು. ಮಳೆ ಬಂದು ಕೊಚ್ಚುವುದು, ಇವನು ಹೊತ್ತು ತರುವುದು. ಮುಂಗಾರು ಪೂರ್ತಿ ಅದೇ ಕೆಲಸ. ನನಗೆ ಮೊದಲು ಮರುಕ, ಆಮೇಲೆ ಸಿಟ್ಟು. "ಸಿಮೆಂಟಿನ ಗದ್ದುಗೆ ಕಟ್ಟಿಸಿಬಿಡೋಣ ಕಣಪ್ಪ, ನಿನ್ನ ಬೆನ್ನು ಹೋಗ್ತದೆ" ಅಂದೆ. ವರ್ಷ ತುಂಬದೆ ಕಟ್ಟುವ ಹಾಗಿಲ್ಲ ಅಂದ. "ಮತ್ತೆ ಬದುನಾದ್ರೂ ಹಾಕ್ಸು, ಅವನು ಬಡ್ಕೊಂಡಿದ್ದು ಅದನ್ನೇ ಅಲ್ವಾ" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಸಿಟ್ಟಾಗಲಿಲ್ಲ. ಮಂಕರಿ ಕೆಳಗಿಟ್ಟು, ಪಕ್ಕದಲ್ಲಿ ನೆಲಸಮವಾಗಿದ್ದ ಅವ್ವನ ಜಾಗ ತೋರಿಸಿದ. ಅಲ್ಲಿ ಗುಡ್ಡೆ ಅನ್ನುವುದು ಯಾವತ್ತೋ ಹೋಗಿತ್ತು. ತಲೆದೆಸೆಗೆ ನಿಲ್ಲಿಸಿದ್ದ ಕಲ್ಲು ಬುಡ ಸಡಿಲವಾಗಿ ವಾಲಿತ್ತು.

"ನಿಮ್ಮವ್ವ ಭೂಮಿಗೆ ಸೇರ್ಕೊಂಡ್ಳು ಅಂದ್ಕೊಂಡಿದ್ದೆ. ಅವಳ ಮಣ್ಣೂ ಹಳ್ಳಕ್ಕೇ ಹೋಯ್ತಲ್ಲವ್ವ. ಅವನಿಗೆ ಇದು ಕಂಡಿತ್ತು. ನನ್ನ ಮುಂದೆ ಆ ಮಾತು ಆಡ್ಲಿಲ್ಲ ಅವನು. ಹೊಲದ ಮಣ್ಣು ಹೋಗ್ತದೆ ಅಂದ, ಅವ್ವನ ಮಣ್ಣು ಹೋಗ್ತದೆ ಅನ್ಲಿಲ್ಲ."

ಇದು ನನಗೂ ಹೊಳೆದಿರಲಿಲ್ಲ. ಅಷ್ಟು ವರ್ಷ ಅಷ್ಟು ಜಗಳವಾಡಿದರೂ ಅಣ್ಣ ಆ ಒಂದು ಮಾತನ್ನು ಹೊರಗೆ ಹಾಕಿರಲಿಲ್ಲ. ಹಾಕಿದ್ದರೆ ಅವತ್ತೇ ಗೆಲ್ಲುತ್ತಿದ್ದ. ಅವನನ್ನು ಹಿಡಿದು ಬೈಯಬೇಕು ಅನ್ನಿಸಿತು, ಬೈಯಲು ಅವನಿಲ್ಲ. ನಾನೂ ಒಂದು ಮಂಕರಿ ತಗೊಂಡು ಅಪ್ಪನ ಹಿಂದೆ ಇಳಿದೆ. ವಾರದ ರಜೆ ಬಂದಾಗಲೆಲ್ಲ ಅದೇ ನನ್ನ ಕೆಲಸವಾಯಿತು. ಹೊತ್ತು ಹತ್ತುವಾಗ ಇಬ್ಬರಿಗೂ ಉಸಿರು ಸಾಲುತ್ತಿರಲಿಲ್ಲ.

ವರ್ಷ ಕಳೆಯಿತು. ಈ ಸಲದ ಯುಗಾದಿಗೆ ಅಪ್ಪ ಹೊನ್ನಾರು ಕಟ್ಟುತ್ತೀನಿ ಅಂದ. ನಮ್ಮ ಹಟ್ಟಿಯಲ್ಲಿ ಈಗ ಎತ್ತಿಲ್ಲ, ಪಕ್ಕದ ಹೊಲದವರ ಜೋಡಿ ಕೇಳಿ ತಂದೆವು. ಪೂಜೆ ಆಯಿತು, ಊರಿನ ನಾಲ್ಕು ಜನ ಬೇವುಬೆಲ್ಲ ತಿಂದು ನಿಂತಿದ್ದರು. ಅಪ್ಪ ನೇಗಿಲು ಹಿಡಿದು ಕಲ್ಲಿನ ಬುಡಕ್ಕೆ ಬಂದ. ಎಲ್ಲರೂ ಕೆಳಗಿನ ಬೇಲಿ ಕಡೆ ನೋಡಿದರು, ಎತ್ತು ಆ ಕಡೆಗೇ ಹೊರಡಬೇಕಲ್ಲ. ಅಪ್ಪ ಹಗ್ಗ ಎಳೆದು ಎತ್ತುಗಳನ್ನು ಅಡ್ಡಕ್ಕೆ ತಿರುಗಿಸಿದ.

ಪಕ್ಕದ ಹೊಲದ ಹಿರಿಯರು ತಡೆಯಲಾರದೆ ಅಂದರು, "ಕಲ್ಲಿಗೆ ಬೆನ್ನು ಹಾಕ್ದಂಗಾಯ್ತಲ್ಲಪ್ಪ, ನಿಮ್ಮ ಮನೇಲಿ ಇಂಗೆ ಯಾವತ್ತೂ ಉತ್ತಿಲ್ಲ."

"ನನ್ನ ಮಗ ಇಂಗೇ ಉಳ್ಬೇಕು ಅಂತ ಹೇಳವ್ನೆ" ಅಂದ ಅಪ್ಪ. ಮಗ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದನೇನೋ ಅನ್ನುವ ಹಾಗೆ ಹೇಳಿದ. ಆ ಹಿರಿಯರು ಎತ್ತಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಉದ್ದ ಉತ್ತು ಅಭ್ಯಾಸವಾದ ಕೈಗೆ ಅಡ್ಡ ಸಾಲು ಸಲೀಸಾಗಿ ಬರುವುದಿಲ್ಲ. ಇಳಿಜಾರಿನಲ್ಲಿ ನೇಗಿಲು ಕೆಳಕ್ಕೆ ಜಾರುತ್ತಿತ್ತು, ಅಪ್ಪ ಎದೆ ಕೊಟ್ಟು ಹಿಡಿಯುತ್ತಿದ್ದ. ಸಾಲು ಅಂಕುಡೊಂಕಾಯಿತು. ಆ ತುದಿಗೆ ಹೋಗಿ ತಿರುಗಿ, ಇನ್ನೊಂದು ಸಾಲು ಹೊಡೆದುಕೊಂಡು ಈ ಕಡೆ ಬಂದ. ಜನ ಒಬ್ಬೊಬ್ಬರೇ ಮನೆಗೆ ಹೊರಟರು. ಯಾರೋ ಚಾಣ ತಂದು ಕೊಟ್ಟರೆ ಬೇಡ ಅಂತ ಕೈಯಾಡಿಸಿದ.

ಕೊನೆಗೆ ಎತ್ತು ನಿಲ್ಲಿಸಿ ಅಣ್ಣನ ಗುಡ್ಡೆ ಹತ್ತಿರ ಹೋದ. ಮೈಯೆಲ್ಲ ಬೆವರು. ತಾನು ಉತ್ತ ಸಾಲನ್ನು ಒಂದು ಸಲ ನೋಡಿದ, ಗುಡ್ಡೆಯನ್ನು ನೋಡಿದ. ಆಮೇಲೆ ಬಗ್ಗಿ, ಪಕ್ಕದಲ್ಲಿ ಕೂತವನನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದ. "ಇಂಗೇ ಏನ್ಲಾ ಮಗ? ಸರಿಯಾಗಿ ಅದಾ?"

ಅವರಿಬ್ಬರ ಜಗಳದಲ್ಲಿ ಅಪ್ಪ ಒಂದು ಮಾತು ಕೇಳಿದರೆ ಅಣ್ಣನಿಂದ ಹತ್ತು ಮಾತು ಬರುತ್ತಿತ್ತು. ಅಪ್ಪ ಆ ಬಿಸಿಲಲ್ಲಿ ಬಹಳ ಹೊತ್ತು ಬಗ್ಗಿಕೊಂಡೇ ಕಾಯುತ್ತಿದ್ದ.